ಕೈಗೆಟುಕದ ಆಯಿಲ್ ಫಿಲ್ಟರ್: ಯಾವ ರೆಂಚ್ ಗೆದ್ದಿತು, ಯಾವುದು ಸೋತಿತು

ಎಂಜಿನ್ ಆಯಿಲ್ ಬದಲಿಸುವಾಗ ಹಳೇ ಆಯಿಲ್ ಇಳಿಸುವುದೂ ಸಲೀಸು, ಹೊಸದು ತುಂಬುವುದೂ ಸಲೀಸು. ಕೆಲಸ ಅರ್ಧ ಗಂಟೆಯದ್ದೋ ಅರ್ಧ ದಿನದ್ದೋ ಅನ್ನುವುದನ್ನು ತೀರ್ಮಾನಿಸುವುದು ಫಿಲ್ಟರ್. ಆಯಿಲ್ ಸೋಸುವ ಈ ತಗಡಿನ ಡಬ್ಬಿ ನನ್ನ ಕಾರಿನಲ್ಲಿ ಎಂಜಿನ್ನಿನ ಹಿಂಬದಿಗೆ, ಕ್ಯಾಬಿನ್ ಕಡೆಯ ಗೋಡೆಗೆ ಮುಖ ಮಾಡಿ ಅಡ್ಡಲಾಗಿ ಕೂತಿದೆ. ತಲೆಯ ಮೇಲೆ ಎಕ್ಸಾಸ್ಟ್ ಪೈಪು, ಪಕ್ಕದಲ್ಲಿ ಡ್ರೈವ್ ಶಾಫ್ಟು, ತಳದ ಹಿಂದೆ ಎಂಜಿನ್ನನ್ನು ಹೊತ್ತ ಸಬ್‌ಫ್ರೇಮಿನ ಅಡ್ಡಪಟ್ಟಿ. ಮೇಲಿನಿಂದ ಬಗ್ಗಿದರೆ ಫಿಲ್ಟರ್ ಕಾಣುತ್ತದೆ, ಕೈ ಇಳಿಯುವುದಿಲ್ಲ. ಕೆಳಗೆ ಮಲಗಿದರೆ ಕೈ ಹೋಗುತ್ತದೆ, ಫಿಲ್ಟರ್ ಕಾಣುವುದಿಲ್ಲ.

ಈ ಒಂದೇ ಫಿಲ್ಟರಿನ ಮೇಲೆ ಬರಿಗೈಯಿಂದ ಹಿಡಿದು ಕಪ್ ರೆಂಚ್, ಬೆಲ್ಟ್ ರೆಂಚ್, ಉಕ್ಕಿನ ಬ್ಯಾಂಡ್, ಮೂರು ಕಾಲಿನ ರೆಂಚ್‌ವರೆಗೆ ಒಂದೊಂದು ಸರ್ವಿಸ್‌ಗೆ ಒಂದೊಂದನ್ನು ಹಚ್ಚಿ ನೋಡಿದ್ದೇನೆ. ಅಂಗಡಿಯಲ್ಲಿ ಇವೆಲ್ಲ ಹಿಡಿತದ ಹೆಸರಲ್ಲೇ ಮಾರಾಟವಾಗುತ್ತವೆ. ಕಾರಿನ ಕೆಳಗೆ ಮಲಗಿದ ಮೇಲೆ ಹಿಡಿತ ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಖಾಲಿ ಜಾಗ ಎಲ್ಲಿದೆ ಎಂದು: ಫಿಲ್ಟರಿನ ತಳದ ಹಿಂದೆಯೋ, ಸುತ್ತಲೋ, ಹಿಡಿಕೆ ಬೀಸುವ ದಾರಿಯಲ್ಲೋ? ಒಂದೊಂದು ರೆಂಚೂ ಇವುಗಳಲ್ಲಿ ಬೇರೆ ಬೇರೆ ಜಾಗ ಕೇಳುತ್ತದೆ.

ಅದಕ್ಕೂ ಮೊದಲು, ಕೈಯಲ್ಲೇ ಬಿಗಿ ಮಾಡಿದ್ದು ಕೈಗೆ ಬಿಚ್ಚುವುದಿಲ್ಲ ಯಾಕೆ? ತಪ್ಪು ತಿರುಪಿನ ಸುರುಳಿ ಗೆರೆಗಳದ್ದಲ್ಲ, ಫಿಲ್ಟರಿನ ಬಾಯಂಚಿನಲ್ಲಿರುವ ರಬ್ಬರ್ ರಿಂಗಿನದ್ದು. ತಿಂಗಳುಗಟ್ಟಲೆ ಬಿಸಿ ತಿಂದು ಅದು ಗಟ್ಟಿಯಾಗಿ ಎಂಜಿನ್ನಿನ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಕೂರಿಸುವಾಗ ರಿಂಗಿಗೆ ಆಯಿಲ್ ಸವರದೆ ಒಣಗಿದ್ದನ್ನೇ ಹಾಕಿದ್ದರೆ ಇನ್ನೂ ಹಟ. ಆದರೆ ಆ ಅಂಟು ಒಮ್ಮೆ ಬಿಟ್ಟಿತೋ, ಉಳಿದ ಸುತ್ತುಗಳಿಗೆ ಬೆರಳೇ ಸಾಕು. ಅಂದರೆ ರೆಂಚ್‌ನ ಕೆಲಸ ಮೊದಲ ಕಾಲು ಸುತ್ತಿನದ್ದು ಮಾತ್ರ. ಇದು ಗೊತ್ತಿದ್ದರೆ ಉದ್ದನೆಯ ಹಿಡಿಕೆಯ ಆಸೆ ಅರ್ಧ ಇಳಿಯುತ್ತದೆ.

ದಿಕ್ಕಿನ ಬಗ್ಗೆಯೂ ಒಂದು ಮಾತು. ಫಿಲ್ಟರಿನ ಮುಚ್ಚಿದ ತಳವನ್ನು ನೇರ ನೋಡುತ್ತಿದ್ದರೆ ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಎಂಜಿನ್ ಕಡೆಯಿಂದ ಕೈ ತೂರಿಸಿದರೆ ಎಲ್ಲ ಉಲ್ಟಾ. ಕತ್ತಲಲ್ಲಿ ತಲೆಕೆಳಗಾಗಿ ಕೈಯಾಡಿಸುತ್ತಾ ಬಿಚ್ಚುವ ಬದಲು ಬಿಗಿ ಮಾಡುತ್ತಾ ಹೋಗುವವರು ಕಡಿಮೆಯೇನಿಲ್ಲ. ಹೊಸ ಫಿಲ್ಟರ್ ಹಾಕುವ ಮುಂಚೆಯೇ ಅದರ ಮೈಮೇಲೆ ಮಾರ್ಕರ್‌ನಲ್ಲಿ 'ಬಿಚ್ಚಲು' ಎಂದು ಬಾಣ ಎಳೆದಿಟ್ಟರೆ ಮುಂದಿನ ಸಲ ತಲೆ ಓಡಿಸುವ ಕೆಲಸ ಇರುವುದಿಲ್ಲ.

ಬರಿಗೈ

ರಬ್ಬರ್ ಲೇಪದ ಕೈಗವಸು ಹಾಕಿ, ಬೇಕಿದ್ದರೆ ಎಮರಿ ಪೇಪರನ್ನು ಒರಟು ಮೈ ಫಿಲ್ಟರಿಗೆ ತಾಗುವಂತೆ ಸುತ್ತಿ ತಿರುಗಿಸುವುದು. ಅಂಗೈ ಪೂರ್ತಿ ಸುತ್ತಿ ಹಿಡಿಯುವಷ್ಟು ಜಾಗವಿದ್ದರೆ, ಹೋದ ಸಲ ಹಾಕಿದ್ದು ನೀವೇ ಆಗಿದ್ದರೆ, ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ನನ್ನಲ್ಲಿ ಬೆರಳ ತುದಿ ಮಾತ್ರ ಸುತ್ತುತ್ತದೆ, ಆ ಬಲ ಸಾಲದು.

ಕಪ್ ರೆಂಚ್

ದೊಡ್ಡ ಸಾಕೆಟ್‌ನಂತಿರುವ ಬಟ್ಟಲು. ಒಳಗೋಡೆಯಲ್ಲಿ ಚಪ್ಪಟೆ ಮುಖಗಳಂಥ ಪಟ್ಟೆಗಳಿರುತ್ತವೆ, ಅವು ಫಿಲ್ಟರಿನ ತಳದಂಚಿನ ಪಟ್ಟೆಗಳಿಗೆ ಸರಿಯಾಗಿ ಕೂರಬೇಕು. ಹಿಂಬದಿಯ ಚೌಕ ತೂತಿಗೆ ರಾಚೆಟ್, ಅಂದರೆ ಒಂದೇ ದಿಕ್ಕಿಗೆ ಬಲ ಹಾಕುವ ಹಿಡಿಕೆ. ಕೊಳ್ಳುವಾಗ ಎರಡು ಅಂಕಿ ನೋಡಬೇಕು, ವ್ಯಾಸ ಮತ್ತು ಪಟ್ಟೆಗಳ ಎಣಿಕೆ. ಸಣ್ಣ ಕಾರುಗಳ ಫಿಲ್ಟರಿಗೆ 65 ಮಿ.ಮೀ., 14 ಪಟ್ಟೆಯ ಕಪ್ ಬಹಳ ಬಳಕೆಯಲ್ಲಿದೆ. ವ್ಯಾಸ ಸರಿಯಿದ್ದು ಪಟ್ಟೆಯ ಎಣಿಕೆ ಒಂದು ಹೆಚ್ಚುಕಡಿಮೆ ಆದರೂ ಕಪ್ ಕೂರುವುದಿಲ್ಲ, ಕೂತಂತೆ ಅನಿಸಿದರೂ ಒತ್ತಡ ಬಿದ್ದಾಗ ಜಾರಿ ಅಂಚನ್ನು ಸವೆಸುತ್ತದೆ.

ಇದರ ದೊಡ್ಡ ಗುಣ, ಸುತ್ತ ಜಾಗ ಕೇಳುವುದಿಲ್ಲ. ಫಿಲ್ಟರಿಗಿಂತ ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಅದು ಕೇಳುವುದೆಲ್ಲ ತಳದ ಹಿಂದಿನ ಜಾಗವನ್ನು. ನನ್ನ ಕಾರಿನಲ್ಲಿ ಅಲ್ಲಿ ನಾಲ್ಕು ಬೆರಳಿನ ಅಗಲವಿದೆ. ಕಪ್ ಕೂರುತ್ತದೆ, ಅದರ ಹಿಂದೆ ರಾಚೆಟ್ಟಿನ ತಲೆ ಹಿಡಿಸುವುದಿಲ್ಲ. ದಾರಿ ತೋರಿಸಿದ್ದು ಸಬ್‌ಫ್ರೇಮಿನ ಒಂದು ದುಂಡನೆಯ ತೂತು. ಮೊದಲು ಕಪ್ಪನ್ನು ಕೈಯಲ್ಲಿ ಫಿಲ್ಟರಿಗೆ ಒತ್ತಿ ಕೂರಿಸಿ, ಆಚೆ ಬದಿಯಿಂದ ಉದ್ದನೆಯ ಎಕ್ಸ್‌ಟೆನ್ಷನ್ ರಾಡನ್ನು ಆ ತೂತಿನ ಮೂಲಕ ತೂರಿಸಿದರೆ, ಟಕ್ ಎಂದು ಕಪ್ಪಿನ ಚೌಕಕ್ಕೆ ಸೇರಿಕೊಳ್ಳುತ್ತದೆ. ರಾಚೆಟ್ ಈಗ ಬಯಲಲ್ಲಿ, ಎರಡೂ ಕೈಗೆ ಸಿಗುವ ಕಡೆ. ಒಂದು ಕೈ ರಾಡನ್ನು ಮುಂದಕ್ಕೆ ಒತ್ತಿ ಹಿಡಿಯಬೇಕು, ಇನ್ನೊಂದು ತಿರುಗಿಸಬೇಕು. ಒತ್ತದೆ ತಿರುಗಿಸಿದರೆ ಕಪ್ ಹಿಂದಕ್ಕೆ ಸರಿಯುತ್ತದೆ.

ರಾಡ್ ನೇರವಾಗಿ ಹೋಗುವಂತಿದ್ದರೆ ಮಾತ್ರ ಈ ಸುಖ. ಮಧ್ಯೆ ಯುನಿವರ್ಸಲ್ ಜಾಯಿಂಟ್ ಹಾಕಿ ಓರೆಯಿಂದಲೂ ಪ್ರಯತ್ನಿಸಿದೆ. ಬಲದ ಒಂದು ಪಾಲು ಕಪ್ಪನ್ನು ವಾಲಿಸಲು ಹೋಗುತ್ತದೆ, ಅದು ಒಂದು ಬದಿಯಲ್ಲಿ ಎದ್ದು ಜಾರುತ್ತದೆ. ಸ್ವಲ್ಪವೇ ಓರೆಯಿದ್ದರೆ ತುದಿ ತುಸು ಓಲಾಡುವ ವಾಬಲ್ ಎಕ್ಸ್‌ಟೆನ್ಷನ್ ವಾಸಿ.

ಕಪ್ಪಿನ ಇನ್ನೊಂದು ತೊಂದರೆ, ಅದಕ್ಕೆ ಫಿಲ್ಟರ್ ಬ್ರ್ಯಾಂಡಿನ ನಿಷ್ಠೆ ಬೇಕು. ಅದೇ ಕಾರಿಗೆ ಬರುವ ಬೇರೆ ಕಂಪನಿಯ ಫಿಲ್ಟರಿನ ತಳ ಬೇರೆ ಇರಬಹುದು. ಹಾಗಾಗಿ ಹೊಸ ಫಿಲ್ಟರ್ ಹಾಕುವ ಮುನ್ನ ಮೇಜಿನ ಮೇಲೇ ಕಪ್ ಕೂರಿಸಿ ನೋಡುತ್ತೇನೆ. ಅವತ್ತು ಕೂರದಿದ್ದರೆ ಮುಂದಿನ ಸಲ ಬಿಚ್ಚುವಾಗಲೂ ಕೂರುವುದಿಲ್ಲ. ತುಸು ಸಡಿಲವಿದ್ದರೆ ನಡುವೆ ಎಮರಿ ಪೇಪರಿನ ಒಂದು ಪದರ ಇಟ್ಟರೆ ಬಿಗಿಯಾಗುತ್ತದೆ. ಅಲ್ಲದೆ ತೆಳು ತಗಡಿನ ಕಪ್ ಬಲ ಬಿದ್ದಾಗ ಬಾಯಿ ಅಗಲಿಸಿಕೊಳ್ಳುತ್ತದೆ, ಎರಕದ ಅಲ್ಯೂಮಿನಿಯಂನದು ಹಾಗೆ ಮಾಡುವುದಿಲ್ಲ.

ಮೂರು ಕಾಲಿನ ರೆಂಚ್

ಕಪ್ಪಿಗೆ ನಿಜವಾದ ಪೈಪೋಟಿ ಕೊಟ್ಟದ್ದು ಇದೊಂದೇ. ನಡುವೆ ಗೇರು, ಸುತ್ತ ಮೂರು ಬಾಗಿದ ಕಾಲು. ರಾಚೆಟ್ ತಿರುಗಿಸಿದಂತೆ ಗೇರು ಕಾಲುಗಳನ್ನು ಒಳಕ್ಕೆ ಎಳೆಯುತ್ತದೆ. ಫಿಲ್ಟರ್ ಎಷ್ಟು ಹಟ ಹಿಡಿಯುತ್ತದೋ ಕಾಲುಗಳೂ ಅಷ್ಟೇ ಬಿಗಿಯುತ್ತವೆ. ಪಟ್ಟೆ ಎಣಿಸುವ ಗೋಜಿಲ್ಲ. ತಳದ ಅಂಚು ಸವೆದು ಕಪ್ ಕೈಕೊಟ್ಟ ಫಿಲ್ಟರನ್ನೂ ಇದು ಹಿಡಿಯುತ್ತದೆ. ಮನೆಯಲ್ಲಿ ಎರಡು ಮೂರು ಬಗೆಯ ವಾಹನಗಳಿದ್ದು ಒಂದೇ ಉಪಕರಣ ಕೊಳ್ಳುವುದಾದರೆ ನನ್ನ ಮತ ಇದಕ್ಕೇ.

ಆದರೆ ಇಕ್ಕಟ್ಟಿನಲ್ಲಿ ಇದು ಎರಡೂ ಕಡೆ ಜಾಗ ಕೇಳುತ್ತದೆ. ತಳದ ಹಿಂದೆ ಗೇರಿನ ಡಬ್ಬಿಗೆ, ಸುತ್ತಲೂ ಕಾಲುಗಳಿಗೆ. ನನ್ನ ಫಿಲ್ಟರಿನ ಒಂದು ಪಕ್ಕದಲ್ಲಿ ಬ್ರಾಕೆಟ್ ಒಂದು ತೀರಾ ಹತ್ತಿರ ಬರುತ್ತದೆ. ಕಾಲುಗಳನ್ನು ಹೇಗೆಂದರೆ ಹಾಗೆ ಕೂರಿಸಿದರೆ ಒಂದು ಕಾಲು ಹೊರಟ ತಕ್ಷಣವೇ ಬ್ರಾಕೆಟ್ಟಿಗೆ ಬಡಿದು ನಿಲ್ಲುತ್ತದೆ. ಒಂದು ಕಾಲನ್ನು ಬ್ರಾಕೆಟ್ ದಾಟಿದ ಜಾಗದಲ್ಲೇ ಇಟ್ಟು ಶುರು ಮಾಡಿದರೆ, ಮುಂದಿನ ಕಾಲು ಅಲ್ಲಿಗೆ ಬರುವಷ್ಟರಲ್ಲಿ ಸುಮಾರು 120 ಡಿಗ್ರಿ ತಿರುಗಿರುತ್ತದೆ. ಅಂಟು ಬಿಡಲು ಅಷ್ಟು ಧಾರಾಳ.

ಕಪ್ಪಿಗೆ ಹೋಲಿಸಿದರೆ ಇದು ಒರಟು. ಕಪ್ ಬಲವನ್ನು ಅಂಚಿನ ಸುತ್ತಲೂ ಹಂಚುತ್ತದೆ, ಇದು ಮೂರು ಕಡೆ ಮಾತ್ರ ಕಚ್ಚುತ್ತದೆ. ತಗಡು ತೆಳುವಾಗಿದ್ದು ರಿಂಗ್ ತುಂಬಾ ಹಿಡಿದಿದ್ದರೆ ಫಿಲ್ಟರ್ ತಿರುಗುವ ಮೊದಲು ಮೂರು ಕಡೆ ನೆಗ್ಗುತ್ತದೆ. ಬಿಸಾಡುವ ಫಿಲ್ಟರ್ ನೆಗ್ಗಿದರೆ ನಷ್ಟವಿಲ್ಲ, ನೆಗ್ಗುತ್ತಲೇ ಹೋಗಿ ತಿರುಗದಿದ್ದರೆ ಕಷ್ಟ. ಹೊಸ ಫಿಲ್ಟರ್ ಬಿಗಿಯಲು ಮಾತ್ರ ಇದನ್ನು ಹತ್ತಿರ ತರಬೇಡಿ. ಬಿಚ್ಚಿದ ಮೇಲೆ ಫಿಲ್ಟರನ್ನು ಬಿಡಲೂ ಒಪ್ಪುವುದಿಲ್ಲ, ಗೇರನ್ನು ಹಿಂದಕ್ಕೆ ತಿರುಗಿಸಿ ಬಿಡಿಸಬೇಕು. ಕೆಲವು ಎರಡೂ ದಿಕ್ಕಿಗೆ ಹಿಡಿಯುತ್ತವೆ, ಕೆಲವಕ್ಕೆ ಒಂದು ಭಾಗ ತಿರುವಿ ಹಾಕಬೇಕು. ಕಾರಿನ ಕೆಳಗೆ ಹೋಗುವ ಮುಂಚೆ ಕೈಯಲ್ಲೇ ತಿರುಗಿಸಿ ತಿಳಿದುಕೊಂಡಿರಿ.

ಬೆಲ್ಟ್ ರೆಂಚ್

ಚೌಕ ಕಂಬಿಗೆ ಕಟ್ಟಿದ ನೈಲಾನ್ ಪಟ್ಟಿ. ಪಟ್ಟಿಯನ್ನು ಫಿಲ್ಟರಿಗೆ ಸುತ್ತಿ ಕಂಬಿಯನ್ನು ರಾಚೆಟ್ಟಿನಿಂದ ತಿರುಗಿಸಿದರೆ ಪಟ್ಟಿ ಬಿಗಿದು ಫಿಲ್ಟರನ್ನು ಎಳೆಯುತ್ತದೆ. ಯಾವ ಗಾತ್ರಕ್ಕೂ ಸರಿ, ತಳದ ಹಿಂದೆ ಜಾಗವೇ ಬೇಡ. ಫಿಲ್ಟರಿನ ಹಿಂದೆ ಗೋಡೆಯೇ ತಾಗಿರುವ ಎಂಜಿನ್ನುಗಳಲ್ಲಿ ಮೇಲಿನ ಎರಡೂ ಸೋಲುತ್ತವೆ, ಅಲ್ಲಿ ಇದೇ ಗತಿ.

ಇದರ ಶತ್ರು ಆಯಿಲ್. ಮೈ ಒಣಗಿದ್ದರೆ ಚೆನ್ನಾಗಿ ಹಿಡಿಯುತ್ತದೆ, ಡ್ರೈನ್ ಬೋಲ್ಟ್‌ನಿಂದ ಸಿಡಿದದ್ದೋ ಮೇಲಿನಿಂದ ಜಿನುಗಿದ್ದೋ ಒಂದು ಪಸೆ ತಾಗಿದರೂ ಪಟ್ಟಿ ಜಾರತೊಡಗುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಒರೆಸಿದರೆ ಮತ್ತೆ ಹಿಡಿಯುತ್ತದೆ, ಆದರೆ ಅಂಥ ಮೂಲೆಯಲ್ಲಿ ಒರೆಸುವುದೇ ಒಂದು ಕೆಲಸ. ಜೊತೆಗೆ ಕಣ್ಣಿಗೆ ಕಾಣದ ಜಾಗದಲ್ಲಿ ಪಟ್ಟಿಯನ್ನು ಫಿಲ್ಟರಿನ ಆಚೆಯಿಂದ ತಂದು ಈಚೆ ಎಳೆಯಲು ಎರಡು ಕೈ ಬೇಕು, ಅಲ್ಲಿ ಒಂದೇ ಕೈ ಹಿಡಿಸುತ್ತದೆ. ಗಿಡ್ಡ ಫಿಲ್ಟರಾದರೆ ಪಟ್ಟಿ ಮೆಲ್ಲಗೆ ತಳದ ಕಡೆ ಸರಿದು ಕಳಚಿಕೊಳ್ಳುತ್ತದೆ. ನನಗಂತೂ ಇದು ಕೊನೆಗೆ ಕೆಲಸ ಮಾಡಿತು, ಮತ್ತೆ ಬೇಡ ಅನಿಸಿತು.

ಉಕ್ಕಿನ ಬ್ಯಾಂಡ್, ಇಕ್ಕಳ

ಉದ್ದ ಹಿಡಿಕೆಯ ಉಕ್ಕಿನ ಬ್ಯಾಂಡ್ ರೆಂಚಿಗೆ ನನ್ನ ಕಾರಿನಲ್ಲಿ ಅವಕಾಶವೇ ಸಿಗಲಿಲ್ಲ. ಬೆರಳಗಲ ಬೀಸುವಷ್ಟರಲ್ಲಿ ಹಿಡಿಕೆ ಡ್ರೈವ್ ಶಾಫ್ಟಿಗೆ ತಾಗುತ್ತದೆ. ಫಿಲ್ಟರ್ ಎಂಜಿನ್ನಿನ ಮುಂಬದಿಯಲ್ಲಿ ತೆರೆದು ನೇತಾಡುವ ಕಾರಾದರೆ ಇದು ಬೇಗನೆ ಕೆಲಸ ಮುಗಿಸುತ್ತದೆ. ಬಳಸುವವರು ಬ್ಯಾಂಡನ್ನು ಡಬ್ಬಿಯ ನಡುವಿಗೆ ಹಾಕದೆ ಎಂಜಿನ್ನಿಗೆ ತಾಗುವ ತುದಿಗೆ ಹಾಕಬೇಕು. ಅಲ್ಲಿ ಒಳಗೆ ದಪ್ಪ ಲೋಹದ ತಟ್ಟೆಯಿದೆ, ನೆಗ್ಗುವುದಿಲ್ಲ. ಇಕ್ಕಳದಂಥ ರೆಂಚಿನ ಕತೆಯೂ ಇದೇ, ಬೀಸಲು ಜಾಗ ಬೇಕು.

ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಹಳೇ ಉಪಾಯವನ್ನು ನಾನು ಪ್ರಯೋಗಿಸಿಲ್ಲ, ಪ್ರಯೋಗಿಸುವುದೂ ಇಲ್ಲ. ಬೀಸಲು ಜಾಗವಿಲ್ಲ ಎಂಬುದೇ ತಕರಾರಾಗಿರುವ ಕಡೆ ಅಡ್ಡಲಾಗಿ ಸ್ಕ್ರೂಡ್ರೈವರ್ ಚುಚ್ಚಿದರೆ ಅದು ತಿರುಗುವುದಾದರೂ ಎಲ್ಲಿ? ತಗಡು ಹರಿದು ಡಬ್ಬಿ ಕೈಗೆ ಬಂದು ತಟ್ಟೆ ಎಂಜಿನ್ನಲ್ಲೇ ಉಳಿದರೆ, ಆಮೇಲೆ ಉಳಿ ಸುತ್ತಿಗೆಯಿಂದ ಅದರ ಅಂಚನ್ನು ಬಡಿದು ತಿರುಗಿಸಬೇಕು. ತೂತು ಬಿದ್ದ ಫಿಲ್ಟರ್ ಇಟ್ಟುಕೊಂಡು ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಂತೆಯೂ ಇಲ್ಲ.

ರೆಂಚೇ ಬೇಡದ ದಾರಿಯೂ ಒಂದಿದೆ. ಕೆ ಆ್ಯಂಡ್ ಎನ್ ಕಂಪನಿಯ ಕೆಲವು ಕಾರ್ ಫಿಲ್ಟರುಗಳ ತಳದಲ್ಲೇ 1 ಇಂಚಿನ ನಟ್ ಇರುತ್ತದೆ. ಸಾಮಾನ್ಯ ಸ್ಪ್ಯಾನರ್ ಸಾಕು. ಆ ನಟ್ ಬಿಚ್ಚುವುದಕ್ಕೆ, ಬಿಗಿಯುವುದಕ್ಕಲ್ಲ. ಇನ್ನು ಡಬ್ಬಿಯಿಲ್ಲದೆ ಪ್ಲಾಸ್ಟಿಕ್ ಮುಚ್ಚಳದೊಳಗೆ ಆಯಿಲ್ ಸೋಸುವ ಕಾಗದದ ಎಲಿಮೆಂಟ್ ಮಾತ್ರ ಇರುವ ಎಂಜಿನ್ನುಗಳಿಗೆ ಮುಚ್ಚಳಕ್ಕೆ ತಕ್ಕ ಅಳತೆಯ ಕಪ್ಪೋ ಸಾಕೆಟ್ಟೋ ಸರಿಯಾದ ಮಾರ್ಗ. ಮೂರು ಕಾಲು ಕಚ್ಚಿದರೆ ಮುಚ್ಚಳ ಸೀಳಬಹುದು. ಅಂಥ ಮುಚ್ಚಳಗಳ ಮೇಲೆ ಎಷ್ಟು ಬಿಗಿಯಬೇಕೆಂದು ಅಚ್ಚಾಗಿರುತ್ತದೆ, 25 ನ್ಯೂಟನ್ ಮೀಟರ್ ಎಂಬುದು ಹೆಚ್ಚಾಗಿ ಕಾಣುವ ಅಂಕಿ.

ದಾರಿ ಯಾವುದು

ರೆಂಚಿನಷ್ಟೇ ಫಲ ಕೊಟ್ಟದ್ದು, ಯಾವ ಕಡೆಯಿಂದ ಕೈ ಹಾಕುತ್ತೇನೆ ಎಂಬುದು. ಮೇಲಿನಿಂದ ಕೈ ಇಳಿಸಲು ನೋಡಿದಾಗ ಎಕ್ಸಾಸ್ಟಿನ ಬಿಸಿ ಮುಂಗೈಗೆ ತಾಗಿತು. ಆಯಿಲ್ ಚೆನ್ನಾಗಿ ಇಳಿಯಲಿ ಎಂದು ಎಂಜಿನ್ ಬೆಚ್ಚಗೆ ಮಾಡುತ್ತೇವಲ್ಲ, ಪೈಪು ಆಗ ಬೆಚ್ಚಗಲ್ಲ, ಸುಡುತ್ತಿರುತ್ತದೆ. ಕೆಳಗಿನಿಂದ ಹೋದರೆ ಫಿಲ್ಟರ್ ಸಡಿಲವಾದ ಕ್ಷಣ ಆಯಿಲ್ ಮೊಣಕೈವರೆಗೆ. ನನಗೆ ಒಗ್ಗಿದ್ದು ಮೂರನೇ ದಾರಿ: ಮುಂಚಕ್ರವನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಚಕ್ರದ ಹಿಂದಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ ಬಿಚ್ಚಿ ಮಡಚಿದರೆ ಪಕ್ಕದಿಂದ ಫಿಲ್ಟರ್ ಕಾಣುತ್ತದೆ, ಕೈಯೂ ಹೋಗುತ್ತದೆ. ಯಾವ ದಾರಿಯಾದರೂ ಕಾರು ಗಟ್ಟಿ ಸ್ಟ್ಯಾಂಡುಗಳ ಮೇಲಿರಬೇಕು, ನೆಲದಲ್ಲಿರುವ ಚಕ್ರಗಳಿಗೆ ಅಡೆ ಕೊಟ್ಟಿರಬೇಕು. ಬರೀ ಜ್ಯಾಕ್ ನಂಬಿ ಕೆಳಗೆ ತಲೆ ಹಾಕುವಂತಿಲ್ಲ.

ರೆಂಚ್ ತೆಗೆದು ಬೆರಳಿಗೆ ಬಿಚ್ಚುವ ಹಂತ ಬಂದಾಗ ಫಿಲ್ಟರಿಗೆ ಗಟ್ಟಿ ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲದ ಮೇಲಿನಿಂದಲೇ ತಿರುಗಿಸುತ್ತೇನೆ. ಸೋರಿದ್ದು ಬಹುಪಾಲು ಚೀಲದಲ್ಲೇ ಉಳಿಯುತ್ತದೆ.

ಮುಂದಿನ ಸಲ ಎಷ್ಟು ಗುದ್ದಾಡಬೇಕು ಎಂಬುದು ಈಗ ಕೂರಿಸುವುದರಲ್ಲಿದೆ. ಬಿಚ್ಚಿದ ಫಿಲ್ಟರಿನಲ್ಲಿ ಹಳೇ ರಿಂಗ್ ಇದೆಯೇ ನೋಡಬೇಕು. ಇಲ್ಲದಿದ್ದರೆ ಅದು ಎಂಜಿನ್ನಿಗೆ ಅಂಟಿದೆ ಎಂದರ್ಥ, ಅದರ ಮೇಲೆ ಹೊಸದು ಹಾಕಿದರೆ ಎರಡು ರಿಂಗುಗಳ ನಡುವಿನಿಂದ ಆಯಿಲ್ ಚಿಮ್ಮುತ್ತದೆ. ಕಾಣದ ಜಾಗವಾದ್ದರಿಂದ ಬೆರಳು ಸುತ್ತಾಡಿಸಿ ನಯವಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ರಿಂಗ್ ಲೋಹಕ್ಕೆ ತಾಗುವವರೆಗೆ ಬೆರಳಲ್ಲಿ ತಿರುಗಿಸಿ, ಅಲ್ಲಿಂದ ಡಬ್ಬಿಯ ಮೇಲೆ ಬರೆದಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಆ ಮುಕ್ಕಾಲು ಸುತ್ತಿಗೆ ಬೆರಳ ಬಲ ಸಾಲದ ಕಡೆ ಕಪ್ಪನ್ನು ರಾಚೆಟ್ ಇಲ್ಲದೆ ಬರೀ ರಾಡಿಗೆ ಸಿಕ್ಕಿಸಿ ಕೈಯಲ್ಲಿ ತಿರುವುತ್ತೇನೆ. ಆಯಿಲ್ ತುಂಬಿ ಎಂಜಿನ್ ಒಂದು ನಿಮಿಷ ಓಡಿಸಿ, ಟಾರ್ಚ್ ಹಿಡಿದು ರಿಂಗಿನ ಸುತ್ತ ಪಸೆ ಇದೆಯೇ ನೋಡಿ, ನಿಲ್ಲಿಸಿ ಆಯಿಲ್ ಇಳಿಯಲು ಬಿಟ್ಟು ಡಿಪ್‌ಸ್ಟಿಕ್ ಎಳೆದರೆ ಮಟ್ಟ ತುಸು ಇಳಿದಿರುತ್ತದೆ. ಹೊಸ ಫಿಲ್ಟರ್ ಕುಡಿದದ್ದು ಅದು, ಅಷ್ಟನ್ನು ಮತ್ತೆ ಸುರಿಯಬೇಕು.