ಸಲ್ಫೈಟ್ ಬೆರೆಸದ ಕೆಂಪು ವೈನ್: ಫ್ರೇ ‘ನ್ಯಾಚುರಲ್ ರೆಡ್’, ಹಲವು ವರ್ಷಗಳ ಬಳಕೆಯ ನಂತರ

ಹಾಲು, ಮೊಸರಿನಂತೆ ಜೋಪಾನ ಮಾಡುವವರಿಗೆ ಇದು ಒಳ್ಳೆಯ ಖರೀದಿ. ತಂದು ಅಡುಗೆಮನೆಯ ಕಪಾಟಿನಲ್ಲಿಟ್ಟು ಹಬ್ಬಕ್ಕೆ ನೆನಪಿಸಿಕೊಳ್ಳುವವರು ಮಾಮೂಲಿ ಕೆಂಪು ವೈನನ್ನೇ ಕೊಳ್ಳುವುದು ಲೇಸು.

ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಯ ರೆಡ್‌ವುಡ್ ವ್ಯಾಲಿಯಲ್ಲಿ ಫ್ರೇ ಕುಟುಂಬ 1980ರಲ್ಲಿ ಆರಂಭಿಸಿದ ವೈನರಿ ಇದು. ಅಮೆರಿಕದ ಸಾವಯವ ವೈನ್‌ನ ಮೊದಲಿಗರೆಂದರೆ ಇವರೇ. 2017ರ ಅಕ್ಟೋಬರ್‌ನ ಕಾಡ್ಗಿಚ್ಚಿನಲ್ಲಿ ವೈನರಿ ಸುಟ್ಟಿತು; ಮತ್ತೆ ಕಟ್ಟಿದರು, ಸಲ್ಫೈಟ್ (ವೈನ್ ಕೆಡದಂತೆ ಹಾಕುವ ಗಂಧಕದ ಸಂರಕ್ಷಕ) ಬೆರೆಸದ ಪದ್ಧತಿಯನ್ನು ಮಾತ್ರ ಬಿಡಲಿಲ್ಲ. ಆ ಹಟ ನನಗೆ ನಿಜಕ್ಕೂ ಮೆಚ್ಚುಗೆ.

ಚೆನ್ನಾಗಿರುವ ಬಾಟಲಿಯಲ್ಲಿ ಮೊದಲು ಬರುವುದು ಹಣ್ಣು: ಚೆರ್ರಿ, ಪ್ಲಮ್, ಮಾಗಿದ ನೇರಳೆ. ಒಗರು ಕಡಿಮೆ, ಓಕ್ ಮರದ ಭಾರವಿಲ್ಲ. ಕಾದಿಟ್ಟು ಕುಡಿಯುವ ವೈನ್ ಅಲ್ಲ, ಊಟದ ಜೊತೆ ಸಲೀಸಾಗಿ ಇಳಿಯುವ ಮಿಶ್ರಣ. 14ರಿಂದ 16 ಡಿಗ್ರಿಯಲ್ಲಿ ಬಡಿಸಬೇಕು. ಕೋಣೆಯಲ್ಲಿದ್ದ ಬಾಟಲಿಯಾದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೆಚ್ಚಗಾದಷ್ಟೂ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣು ಹಿಂದೆ ಸರಿಯುತ್ತದೆ. ನಾಲಿಗೆಗೆ ತುಸು ಚುರುಗುಟ್ಟಿದರೆ ಗಾಬರಿ ಬೇಡ. ಈ ಬಗೆಯ ವೈನ್‌ಗಳಲ್ಲಿ ಹುದುಗಿನ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಉಳಿದಿರಬಹುದು; ಜಗ್‌ಗೆ ಸುರಿದು ಹತ್ತು ನಿಮಿಷ ಬಿಟ್ಟರೆ ಹೋಗುತ್ತದೆ.

ಲೇಬಲ್ ಓದುವಾಗ ಒಂದು ವ್ಯತ್ಯಾಸ ತಿಳಿದಿರಲಿ. ಅಮೆರಿಕದಲ್ಲಿ ‘ಆರ್ಗಾನಿಕ್ ವೈನ್’ ಎಂದಿದ್ದರೆ ಸಲ್ಫೈಟ್ ಬೆರೆಸುವಂತಿಲ್ಲ. ‘ಮೇಡ್ ವಿತ್ ಆರ್ಗಾನಿಕ್ ಗ್ರೇಪ್ಸ್’ ಎಂದಿದ್ದರೆ 100 ಪಿಪಿಎಂವರೆಗೆ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಇರಬಹುದು. ಮಾಮೂಲಿ ವೈನ್‌ಗೆ ಅಲ್ಲಿನ ಮಿತಿ 350. ಇನ್ನು ಪೂರ್ತಿ ‘ಸಲ್ಫೈಟ್ ರಹಿತ’ ವೈನ್ ಎನ್ನುವುದು ಬಹಳ ಅಪರೂಪ, ಏಕೆಂದರೆ ಹುದುಗುವಾಗ ಯೀಸ್ಟ್ ತಾನೇ ಸ್ವಲ್ಪ ಉತ್ಪಾದಿಸುತ್ತದೆ. ಒಟ್ಟು 10 ಪಿಪಿಎಂ ಮುಟ್ಟಿದರೆ ‘ಸಲ್ಫೈಟ್ ಇದೆ’ ಎಂದು ಬರೆಯಲೇಬೇಕು.

ಕೆಡುವುದು ಎಲ್ಲಿ? ಸಲ್ಫೈಟ್, ಅಂದರೆ ಸಲ್ಫರ್ ಡೈಆಕ್ಸೈಡ್, ಎರಡು ಕೆಲಸ ಮಾಡುತ್ತದೆ: ಆಮ್ಲಜನಕದ ಹೊಡೆತ ತಡೆಯುವುದು, ಬ್ಯಾಕ್ಟೀರಿಯಾ ಮತ್ತು ಕಾಡು ಯೀಸ್ಟನ್ನು ಹದ್ದುಬಸ್ತಿನಲ್ಲಿಡುವುದು. ಕೆಂಪು ವೈನ್‌ಗೆ ಒಗರು ಕೊಡುವ ಟ್ಯಾನಿನ್ ಮೊದಲನೆಯದನ್ನು ಅಷ್ಟಿಷ್ಟು ನಿಭಾಯಿಸುತ್ತದೆ, ಎರಡನೆಯದಕ್ಕೆ ಅದು ಸಾಲದು. ಹಾಗಾಗಿ ಈ ಜಾತಿಯ ಯಾವ ವೈನ್‌ನಲ್ಲೂ ಮೂರು ದೋಷಗಳನ್ನು ಪರೀಕ್ಷಿಸಿ. ಗ್ಲಾಸನ್ನು ಓರೆ ಮಾಡಿದಾಗ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ತಗುಲಿದೆ. ಉಗುರುಬಣ್ಣ ಅಳಿಸುವ ದ್ರವದ ವಾಸನೆಯಿದ್ದರೆ ವಿನಿಗರ್ ಕಡೆಗೆ ಹೊರಟಿದೆ.

ಮೂರನೆಯದು ಮೋಸದ್ದು. ಮೂಗಿಗೆ ಏನೂ ಸಿಗುವುದಿಲ್ಲ. ನುಂಗಿ ಹತ್ತು ಸೆಕೆಂಡ್ ಆದ ಮೇಲೆ ಹಳಸಿದ ಮಂಡಕ್ಕಿಯ, ಇಲಿ ಓಡಾಡಿದ ಪೆಟ್ಟಿಗೆಯ ರುಚಿ ಬಾಯಲ್ಲಿ ನಿಲ್ಲುತ್ತದೆ. ವೈನ್‌ನ ಹುಳಿಯಲ್ಲಿ ಅಡಗಿದ್ದ, ಈ ರುಚಿಗೆ ಕಾರಣವಾದ ವಸ್ತುಗಳು ಜೊಲ್ಲಿನೊಂದಿಗೆ ಬೆರೆತು ಹುಳಿ ಇಳಿದಾಗಲಷ್ಟೇ ಆವಿಯಾಗುತ್ತವೆ. (ಅವುಗಳಲ್ಲೊಂದು ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ವಸ್ತುವೇ!) ಅನುಮಾನವಿದ್ದರೆ ಒಂದು ಚಮಚ ವೈನ್‌ಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮೂಸಿ, ದೋಷವಿದ್ದರೆ ಎದ್ದು ಬರುತ್ತದೆ. ಇದಕ್ಕೆ ಪರಿಹಾರವಿಲ್ಲ. ತೆರೆದಿಟ್ಟಷ್ಟೂ ಹೆಚ್ಚುತ್ತದೆ, ಆದ್ದರಿಂದ ಅಂಗಡಿಗೆ ವಾಪಸ್ ಕೊಡಿ.

ಕೊಳ್ಳುವಾಗ ಹೊಸ ಸರಕು ಬೇಗ ಬೇಗ ಬರುವ ಅಂಗಡಿ ಆರಿಸಿ, ಕಿಟಕಿ ಬಿಸಿಲಿಗಿಟ್ಟ ಬಾಟಲಿ ಮುಟ್ಟಬೇಡಿ. ವರ್ಷ ನಮೂದಿಸದ ಮಿಶ್ರಣವಾದರೆ ತಂದ ತಾರೀಖನ್ನು ನೀವೇ ಅಂಟಿಸಿ. ಮನೆಯಲ್ಲಿ 12ರಿಂದ 15 ಡಿಗ್ರಿ ಸಿಗದಿದ್ದರೆ ನೇರ ಫ್ರಿಜ್‌ಗೆ. ಒಂದು ವರ್ಷದೊಳಗೆ ಮುಗಿಸಿ. ಬೆಂಗಳೂರಿಗೆ ಒಯ್ಯುವವರು ಬೇಸಿಗೆ ಬಿಟ್ಟು ಬೇರೆ ಕಾಲ ನೋಡಿಕೊಳ್ಳಿ. ಸುಂಕವಿಲ್ಲದೆ ತರಬಹುದಾದ ಎರಡು ಲೀಟರ್‌ನಲ್ಲಿ 750 ಮಿಲಿಯ ಎರಡೇ ಬಾಟಲಿ ಹಿಡಿಸುವುದು.

ಒಂದೇ ಸಲಕ್ಕೆ ಮುಗಿಯದಿದ್ದರೆ, ತೆರೆದ ಕೂಡಲೇ ಅರ್ಧವನ್ನು 375 ಮಿಲಿಯ ಶುಚಿಯಾದ ಬಾಟಲಿಗೆ ಕಂಠಮಟ್ಟ ತುಂಬಿ, ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ. ನಾಲ್ಕು ದಿನ ಬಾಳುತ್ತದೆ. ಅರ್ಧ ಖಾಲಿ ಬಾಟಲಿಯಲ್ಲೇ ಬಿಟ್ಟರೆ ಎರಡನೆಯ ದಿನಕ್ಕೆ ಹಣ್ಣು ಮಾಯ.

ಊಟಕ್ಕೆ ಎಣ್ಣೆಗಾಯಿ, ಅಣಬೆ ಪಲ್ಯ, ಕೊಬ್ಬರಿ ಹುರಿದು ಹಾಕಿದ ಕೋಳಿ ಸಾರು ಚೆನ್ನಾಗಿ ಕೂಡುತ್ತವೆ. ಹುಣಸೆಹುಳಿ ಜೋರಾದರೆ ವೈನ್ ಸಪ್ಪೆ.

ವೈನ್ ಕುಡಿದಾಗಿನ ತಲೆನೋವು ಸಲ್ಫೈಟ್‌ನಿಂದಲೇ ಎಂದುಕೊಂಡು, ಅದಕ್ಕೆ ಮದ್ದೆಂದು ಇದನ್ನು ಕೊಳ್ಳಬೇಡಿ. ಸಲ್ಫೈಟ್ ನಿಜವಾಗಿ ಕಾಡುವುದು ಮುಖ್ಯವಾಗಿ ಆಸ್ತಮಾ ಇರುವವರಲ್ಲಿ ಕೆಲವರನ್ನು. ಅಂಥವರು ವೈದ್ಯರನ್ನು ಕೇಳಿಯೇ ಮುಟ್ಟಬೇಕು. ಹೊಳೆಯುವ ಕಿತ್ತಳೆ ಬಣ್ಣದ ಒಣ ಏಪ್ರಿಕಾಟ್‌ನಲ್ಲಿ ವೈನ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಸಲ್ಫೈಟ್ ಇರುತ್ತದೆ. ಅದನ್ನು ತಿಂದಾಗ ಏನೂ ಆಗದವರಿಗೆ ಮರುದಿನದ ತಲೆಭಾರ ಬರುವುದು ಬಹುಪಾಲು ಆಲ್ಕೋಹಾಲ್‌ನಿಂದ, ಅದು ಈ ಬಾಟಲಿಯಲ್ಲೂ ಇದೆ.