ಪ್ರಾಜೆಕ್ಟ್ ಮ್ಯಾನೇಜರ್ ತರಬೇತಿ: ಲೆಕ್ಕ ಕಲಿಸಿತು, ಹೊಣೆಯನ್ನು ಅರ್ಧಕ್ಕೇ ಬಿಟ್ಟಿತು

ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ಸಿದ್ಧರಾಗುವವರಿಗೆಂದು ರೂಪಿಸಿರುವ ಆನ್‌ಲೈನ್ ತರಬೇತಿಯೊಂದನ್ನು, ಅದರ ಅಭ್ಯಾಸಗಳನ್ನೂ ಅಣಕು ಪರೀಕ್ಷೆಗಳನ್ನೂ ಬಿಡದೆ, ಇತ್ತೀಚೆಗೆ ಪೂರ್ಣಗೊಳಿಸಿದೆ. ಇದೇ ಮಾದರಿಯ ಯಾವ ತರಬೇತಿಯನ್ನು ಆರಿಸಿಕೊಳ್ಳುವವರಿಗೂ ಉಪಯೋಗವಾಗಲಿ ಎಂಬ ಉದ್ದೇಶದಿಂದ ಬರೆಯುತ್ತಿರುವುದರಿಂದ ಸಂಸ್ಥೆಯ ಹೆಸರನ್ನು ಹೇಳುತ್ತಿಲ್ಲ. ವೇಳಾಪಟ್ಟಿ, ಬಜೆಟ್, ಅಪಾಯಗಳ ಪಟ್ಟಿ ಮುಂತಾದ ಸಾಧನಗಳನ್ನು ಈ ತರಬೇತಿ ಚೆನ್ನಾಗಿ ಕಲಿಸುತ್ತದೆ. ಆದರೆ ಆ ಸಾಧನಗಳು ತೋರಿಸಿದ್ದನ್ನು ಯಾರ ಮುಂದೆ, ಯಾವಾಗ, ಹೇಗೆ ಇಡಬೇಕು ಎಂಬುದೇ ಮ್ಯಾನೇಜರ್ ಕೆಲಸದ ತಿರುಳು. ಅಲ್ಲಿಗೆ ಬರುವಷ್ಟರಲ್ಲಿ ಪಾಠ ತೆಳುವಾಗುತ್ತದೆ.

ಮೊದಲು ಮೆಚ್ಚುಗೆಯ ಮಾತು. 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ರೂಪುಗೊಂಡ ಕ್ರಿಟಿಕಲ್ ಪಾತ್ ವಿಧಾನವನ್ನು (ಒಂದರ ನಂತರ ಒಂದು ನಡೆಯಬೇಕಾದ ಕೆಲಸಗಳ ಅತಿ ಉದ್ದದ ಸರಣಿಯೇ ಯೋಜನೆ ಮುಗಿಯುವ ದಿನವನ್ನು ನಿರ್ಧರಿಸುತ್ತದೆ ಎಂಬ ಲೆಕ್ಕ) ಇಷ್ಟು ಸ್ಪಷ್ಟವಾಗಿ ವಿವರಿಸಿದ ಪಾಠವನ್ನು ನಾನು ಬೇರೆಡೆ ಕಂಡಿಲ್ಲ. ಬೋಧಕರು ಕಚೇರಿಯೊಂದರ ಸ್ಥಳಾಂತರವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತಾರೆ. ಕೇಬಲ್ ಅಳವಡಿಕೆಗೆ 12 ದಿನ, ಅದು ಮುಗಿದ ಮೇಲೆ ಕಂಪ್ಯೂಟರ್ ಜೋಡಣೆಗೆ 5 ದಿನ. ಇನ್ನೊಂದು ಕಡೆ ಪೀಠೋಪಕರಣ ಬರಲು 8 ದಿನ, ಅದನ್ನು ಜೋಡಿಸಲು 3 ದಿನ. ಮೊದಲ ಸರಣಿ 17 ದಿನ ಹಿಡಿಯುತ್ತದೆ, ಎರಡನೆಯದು 11 ದಿನ. ಪೀಠೋಪಕರಣ ನಾಲ್ಕು ದಿನ ತಡವಾದರೂ ಸ್ಥಳಾಂತರದ ದಿನಾಂಕ ಅಲುಗಾಡುವುದಿಲ್ಲ, ಕೇಬಲ್ ಕೆಲಸ ಒಂದೇ ದಿನ ತಡವಾದರೆ ಇಡೀ ಯೋಜನೆ ಒಂದು ದಿನ ಮುಂದಕ್ಕೆ ಹೋಗುತ್ತದೆ. ಎಲ್ಲ ವಿಳಂಬಗಳಿಗೂ ಒಂದೇ ಬಗೆಯ ಗಾಬರಿ ಬೇಡ, ಮ್ಯಾನೇಜರ್ ತನ್ನ ಗಮನವನ್ನು ಎಲ್ಲಿ ಇಡಬೇಕೆಂದು ತಿಳಿದಿರಬೇಕು ಎಂಬುದು ಈ ಒಂದೇ ಉದಾಹರಣೆಯಿಂದ ಮನದಟ್ಟಾಗುತ್ತದೆ.

ಅರ್ನ್ಡ್ ವ್ಯಾಲ್ಯೂ, ಅಂದರೆ ಮುಗಿದ ಕೆಲಸದ ಮೌಲ್ಯವನ್ನು ಯೋಜಿತ ಮೌಲ್ಯದೊಂದಿಗೂ ತಗುಲಿದ ವೆಚ್ಚದೊಂದಿಗೂ ಹೋಲಿಸುವ ವಿಧಾನದ ಪಾಠವೂ ಲೆಕ್ಕದ ಮಟ್ಟಿಗೆ ಅಚ್ಚುಕಟ್ಟಾಗಿದೆ. ನಿಗದಿತ ದಿನಕ್ಕೆ 100 ಘಟಕ ಬೆಲೆಯ ಕೆಲಸ ಮುಗಿಯಬೇಕಿತ್ತು, ಮುಗಿದದ್ದು 80 ಘಟಕ, ಅದಕ್ಕೆ ತಗುಲಿದ ವೆಚ್ಚ 90 ಘಟಕ ಎಂದಾದರೆ, ವೇಳಾಪಟ್ಟಿಯ ಸೂಚ್ಯಂಕ 0.80 (80/100), ವೆಚ್ಚದ ಸೂಚ್ಯಂಕ ಸುಮಾರು 0.89 (80/90). ಎರಡೂ ಒಂದಕ್ಕಿಂತ ಕಡಿಮೆ ಇರುವುದರಿಂದ ಯೋಜನೆ ತಡವಾಗಿಯೂ ಇದೆ, ದುಬಾರಿಯಾಗಿಯೂ ಸಾಗುತ್ತಿದೆ. ಆದರೆ ವೇಳಾಪಟ್ಟಿಯ ಸೂಚ್ಯಂಕಕ್ಕೆ ಇರುವ ಬಹುದೊಡ್ಡ ಮಿತಿಯನ್ನು ಬೋಧಕರು ಎಲ್ಲೂ ಹೇಳುವುದಿಲ್ಲ. ಯೋಜನೆ ಎಷ್ಟೇ ತಡವಾಗಿ ಮುಗಿಯಲಿ, ಮುಗಿಯುವ ಹೊತ್ತಿಗೆ ಮಾಡಿದ ಕೆಲಸದ ಮೌಲ್ಯ ಯೋಜಿತ ಮೌಲ್ಯಕ್ಕೆ ಸಮನಾಗಿ, ಈ ಸೂಚ್ಯಂಕ ತಾನಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಕೊನೆಯ ಹಂತದಲ್ಲಿ ಇದೊಂದನ್ನೇ ನೆಚ್ಚಿಕೊಂಡು ವರದಿ ಬರೆದ ಮ್ಯಾನೇಜರ್, ತಿಂಗಳುಗಟ್ಟಲೆ ಹಿಂದೆ ಬಿದ್ದ ಯೋಜನೆಯನ್ನು ಸುಸ್ಥಿತಿಯಲ್ಲಿದೆ ಎಂದು ತೋರಿಸಿಬಿಡಬಹುದು. ಸೂತ್ರ ಕಲಿಸುವವರು ಆ ಸೂತ್ರ ಎಲ್ಲಿ ಸುಳ್ಳಾಡುತ್ತದೆ ಎಂಬುದನ್ನೂ ಕಲಿಸಲೇಬೇಕು, ಏಕೆಂದರೆ ಆ ವರದಿಯನ್ನು ನಂಬಿ ಹಣ ಬಿಡುಗಡೆ ಮಾಡುವವರು ಬೇರೆಯವರು.

ಪಾತ್ರ ಮತ್ತು ಜವಾಬ್ದಾರಿಗಳ ಘಟಕ ನನಗೆ ಅತ್ಯಂತ ನಿರಾಸೆ ತಂದಿತು. ಯೋಜನೆಗೆ ಅಧಿಕೃತ ಮಂಜೂರಾತಿ ನೀಡುವ ಪ್ರಾಜೆಕ್ಟ್ ಚಾರ್ಟರನ್ನು ಹೊರಡಿಸುವವರು ಪ್ರಾಯೋಜಕರು, ಮ್ಯಾನೇಜರ್‌ಗೆ ಸಿಬ್ಬಂದಿಯನ್ನೂ ಹಣವನ್ನೂ ಬಳಸುವ ಅಧಿಕಾರ ಸಿಗುವುದು ಆ ದಾಖಲೆಯಿಂದ ಎಂಬಷ್ಟನ್ನು ಸರಿಯಾಗಿ ಹೇಳಲಾಗಿದೆ. ಅದರ ನಂತರ ಬರುವ ರಾಸಿ ಕೋಷ್ಟಕದ ಅಭ್ಯಾಸದಲ್ಲಿ ಮಾತ್ರ ಗಂಭೀರ ತಪ್ಪಿದೆ. ಯಾವ ಕೆಲಸವನ್ನು ಯಾರು ಮಾಡುತ್ತಾರೆ, ಅದಕ್ಕೆ ಅಂತಿಮವಾಗಿ ಉತ್ತರ ಹೇಳಬೇಕಾದವರು ಯಾರು, ಯಾರ ಸಲಹೆ ಪಡೆಯಬೇಕು, ಯಾರಿಗೆ ತಿಳಿಸಿದರೆ ಸಾಕು ಎಂಬುದನ್ನು ಈ ಕೋಷ್ಟಕ ಸಾಲುಸಾಲಾಗಿ ತೋರಿಸುತ್ತದೆ. ಉತ್ತರ ಹೇಳಬೇಕಾದವರು ಪ್ರತಿ ಸಾಲಿಗೂ ಒಬ್ಬರೇ ಇರಬೇಕು ಎಂಬುದು ಅದರ ಮೂಲ ನಿಯಮ. ತರಬೇತಿಯವರು ಕೊಟ್ಟ ಮಾದರಿ ಕಡತದಲ್ಲಿ ಅಂತಿಮ ಪರೀಕ್ಷೆಯ ಒಪ್ಪಿಗೆಯ ಸಾಲಿನಲ್ಲಿ ಮ್ಯಾನೇಜರ್ ಮತ್ತು ತಾಂತ್ರಿಕ ಮುಖ್ಯಸ್ಥರು ಇಬ್ಬರ ಕೆಳಗೂ ಉತ್ತರದಾಯಿಯನ್ನು ಸೂಚಿಸುವ 'ಎ' ಅಕ್ಷರ ಇದೆ. ಇಬ್ಬರೂ ಉತ್ತರದಾಯಿಗಳು ಎಂದು ಬರೆದ ಕಡೆ, ತೊಂದರೆ ಬಂದ ದಿನ ಒಬ್ಬರೂ ಉತ್ತರ ಹೇಳುವುದಿಲ್ಲ. ಜವಾಬ್ದಾರಿಯನ್ನು ಕಲಿಸುವ ಪಾಠದಲ್ಲೇ ಹೀಗಾದದ್ದು ಸಣ್ಣ ಲೋಪವಲ್ಲ.

ಬದಲಾವಣೆಯ ಕೋರಿಕೆಗಳ ವಿಷಯದಲ್ಲೂ ನಮೂನೆ ತುಂಬುವುದನ್ನು ಕಲಿಸಿ ಅಲ್ಲಿಗೇ ನಿಲ್ಲಿಸಿದ್ದಾರೆ. ಗ್ರಾಹಕರು ಸಭೆ ಮುಗಿದು ಎದ್ದು ಹೊರಡುವಾಗ, "ಇದೊಂದು ಚಿಕ್ಕ ಬದಲಾವಣೆ, ಸೇರಿಸಿಬಿಡಿ" ಎಂದು ಹೇಳುವುದು ಈ ವೃತ್ತಿಯಲ್ಲಿ ದಿನನಿತ್ಯದ ಮಾತು. ಅಲ್ಲಿಯೇ ಒಪ್ಪಿಕೊಂಡರೆ ಕೆಲಸದ ವ್ಯಾಪ್ತಿ ಸದ್ದಿಲ್ಲದೆ ಬೆಳೆಯುತ್ತದೆ, ಮುಖಕ್ಕೆ ಹೊಡೆದಂತೆ "ಆಗುವುದಿಲ್ಲ" ಎಂದರೆ ಸಂಬಂಧ ಕೆಡುತ್ತದೆ. ಇದರಿಂದ ದಿನಾಂಕಕ್ಕೆ ಏನಾಗುತ್ತದೆ, ವೆಚ್ಚ ಎಷ್ಟು ಏರುತ್ತದೆ, ಪರೀಕ್ಷೆಯ ಯಾವ ಭಾಗವನ್ನು ಮತ್ತೆ ಮಾಡಬೇಕು ಎಂದು ತಂಡದೊಂದಿಗೆ ಅಳೆದು, ಬರಹದಲ್ಲಿ ಮುಂದಿಟ್ಟು, ತೀರ್ಮಾನವನ್ನು ಅಧಿಕಾರ ಇರುವವರಿಗೆ ಬಿಡುವುದು ಸರಿಯಾದ ದಾರಿ. ಇಂಥ ಒಂದು ಸಂಭಾಷಣೆಯನ್ನು ಅಭಿನಯಿಸಿ ತೋರಿಸಿದ್ದರೆ ನಮೂನೆಯ ಉಪಯೋಗ ತಾನಾಗಿ ತಿಳಿಯುತ್ತಿತ್ತು.

ಜನರೊಂದಿಗಿನ ಒಡನಾಟಕ್ಕೆ ಇಲ್ಲಿ ಸಿಕ್ಕಿರುವುದು ಒಂದು ಕಿರು ಘಟಕ ಮಾತ್ರ. ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಎಂಬ ಪ್ರಮಾಣಪತ್ರ ನೀಡುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 2021ರ ಜನವರಿಯಲ್ಲಿ ಜಾರಿಗೆ ತಂದ ಪರೀಕ್ಷಾ ರೂಪರೇಷೆಯಲ್ಲಿ ಜನರಿಗೆ ಸಂಬಂಧಿಸಿದ ಭಾಗಕ್ಕೆ ಶೇ. 42, ಪ್ರಕ್ರಿಯೆಗೆ ಶೇ. 50, ವ್ಯಾವಹಾರಿಕ ಪರಿಸರಕ್ಕೆ ಶೇ. 8 ಪಾಲು ಇತ್ತು ಎಂಬುದನ್ನು ನೆನೆದರೆ ಈ ಅಸಮತೋಲನ ಎದ್ದು ಕಾಣುತ್ತದೆ. ತಂಡದಲ್ಲಿ ಐವರಿದ್ದರೆ ಪರಸ್ಪರ ಸಂವಹನದ ಎಳೆಗಳು 10, ಹತ್ತು ಮಂದಿಯಾದರೆ 45 ಎಂಬ ಲೆಕ್ಕವನ್ನು ಹೇಳಿಕೊಡುತ್ತಾರೆ, ಸರಿ. ಆದರೆ ಆ ಎಳೆಗಳಲ್ಲಿ ಕೆಟ್ಟ ಸುದ್ದಿ ಏಕೆ ನಿಧಾನವಾಗಿ ಹರಿಯುತ್ತದೆ, ತಂಡದ ಕಿರಿಯ ಸದಸ್ಯರೊಬ್ಬರು ತಮ್ಮ ಕೆಲಸ ಸಿಕ್ಕಿಹಾಕಿಕೊಂಡಿದೆ ಎಂದು ಮೊದಲ ದಿನವೇ ಹೇಳಬೇಕಾದರೆ ಮ್ಯಾನೇಜರ್ ಹೇಗೆ ನಡೆದುಕೊಂಡಿರಬೇಕು ಎಂಬ ಮಾತೇ ಇಲ್ಲ. ಬಹಳಷ್ಟು ಸಂಸ್ಥೆಗಳಲ್ಲಿ ತಂಡದವರ ಬಡ್ತಿ, ರಜೆ, ಸಂಬಳ ಯಾವುದೂ ಪ್ರಾಜೆಕ್ಟ್ ಮ್ಯಾನೇಜರ್ ಕೈಯಲ್ಲಿ ಇರುವುದಿಲ್ಲ, ಕೆಲಸ ಮುಗಿಸುವ ಹೊಣೆ ಮಾತ್ರ ಇರುತ್ತದೆ. ಅಧಿಕಾರವಿಲ್ಲದೆ ಕೆಲಸ ಮಾಡಿಸುವ ಈ ಕಷ್ಟ ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ ಎಂದು ನನ್ನ ದೃಢವಾದ ಅನಿಸಿಕೆ.

ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮುಗಿಸುತ್ತ ಹೋಗುವ ಅಜೈಲ್ ವಿಧಾನದ ಕುರಿತ ಪಾಠವನ್ನು ಬಿಟ್ಟು ಮುಂದೆ ಹೋದರೂ ನಷ್ಟವಿಲ್ಲ. ಅದರ ಒಂದು ರೂಪವಾದ ಸ್ಕ್ರಮ್ ಚೌಕಟ್ಟಿನಲ್ಲಿ ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್ (ತಂಡ ಈ ಚೌಕಟ್ಟಿನಂತೆ ನಡೆಯಲು ನೆರವಾಗುವವರು), ಡೆವಲಪರ್‌ಗಳು ಎಂಬ ಮೂರೇ ಹೊಣೆಗಾರಿಕೆಗಳಿದ್ದು ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಸ್ಥಾನವೇ ಇಲ್ಲ. ಆದರೆ ಈ ತರಬೇತಿಯಲ್ಲಿ ಸ್ಕ್ರಮ್ ಮಾಸ್ಟರ್ ಎಂದರೆ ಪ್ರಾಜೆಕ್ಟ್ ಮ್ಯಾನೇಜರ್‌ನ ಇನ್ನೊಂದು ಹೆಸರು ಎಂಬಂತೆ ಕಲಿಸಿದ್ದಾರೆ.

ಸೇವೆಯ ಬಗ್ಗೆ ದೂರಿಲ್ಲ. ಧ್ವನಿ ಸ್ಪಷ್ಟವಾಗಿದೆ, ಕೇಳಿದ ಪ್ರಶ್ನೆಗಳಿಗೆ ಮಾರ್ಗದರ್ಶಕರು ತಾಳ್ಮೆಯಿಂದ ಉತ್ತರಿಸುತ್ತಾರೆ, ಕಡತಗಳನ್ನು ಇಳಿಸಿಕೊಳ್ಳಬಹುದು. ಪ್ರಮಾಣಪತ್ರದ ಕುರಿತ ಜಾಹೀರಾತನ್ನು ಮಾತ್ರ ಎಚ್ಚರಿಕೆಯಿಂದ ಓದಬೇಕು. ಇಂಥ ತರಬೇತಿಯಿಂದ ಸಿಗುವುದು ಪಿಎಂಪಿ ಅರ್ಜಿಗೆ ಬೇಕಾದ 35 ಗಂಟೆಗಳ ಕಲಿಕೆ ಮಾತ್ರ. ನಾಲ್ಕು ವರ್ಷದ ಪದವಿ ಇರುವವರು 36 ತಿಂಗಳು ಯೋಜನೆಗಳನ್ನು ಮುನ್ನಡೆಸಿದ ಅನುಭವವನ್ನೂ ತೋರಿಸಬೇಕಾಗುತ್ತದೆ. ಈಗಾಗಲೇ ತಂಡ ನಡೆಸುತ್ತಿದ್ದು, ವೇಳಾಪಟ್ಟಿ ಮತ್ತು ವೆಚ್ಚದ ಲೆಕ್ಕದಲ್ಲಿ ಹಿಡಿತ ಸಾಲದೆನ್ನುವವರು ಇದಕ್ಕೆ ಧಾರಾಳವಾಗಿ ಸೇರಬಹುದು. ಮೊದಲ ಬಾರಿಗೆ ಹುದ್ದೆ ವಹಿಸಿಕೊಳ್ಳುತ್ತಿರುವವರು ಹಣ ಕಟ್ಟುವ ಮುನ್ನ ಉಚಿತವಾಗಿ ತೋರಿಸುವ ಪಾಠಗಳ ಪಟ್ಟಿಯನ್ನು ನೋಡಿ, ಮಾತುಕತೆಯ ಅಭ್ಯಾಸಗಳೂ ಮನುಷ್ಯರೇ ತಿದ್ದಿ ಕೊಡುವ ವರದಿ ಬರವಣಿಗೆಯೂ ಇವೆಯೇ ಎಂದು ವಿಚಾರಿಸಿಕೊಳ್ಳಬೇಕು. ಇಲ್ಲಿ ವರದಿಗಳನ್ನು ಯಂತ್ರವೇ ತಿದ್ದುತ್ತದೆ, ಶೀರ್ಷಿಕೆಗಳೆಲ್ಲ ಇದ್ದರೆ ಪೂರ್ಣ ಅಂಕ ಕೊಡುತ್ತದೆ.