58 ಸಿಸಿ ಚೈನ್‌ಸಾಗೆ ಬದಲಿ ಸ್ಟಾರ್ಟರ್: ರಾಟೆ ಪರವಾಗಿಲ್ಲ, ಹಗ್ಗ ಮಾತ್ರ ಬೇಡ

ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವ 52 ಮತ್ತು 58 ಸಿಸಿಯ ಅಗ್ಗದ ಚೈನ್‌ಸಾಗಳು ಮೂಲತಃ ಒಂದೇ ಚೀನೀ ವಿನ್ಯಾಸದವು. ಹೀಗಾಗಿ ಅವುಗಳ ಸ್ಟಾರ್ಟರ್, ಎಂದರೆ ಹಗ್ಗ ಎಳೆದು ಎಂಜಿನ್ ಚಾಲೂ ಮಾಡುವ ಭಾಗ, ಕೆಟ್ಟರೆ ಯಂತ್ರ ಕೊಂಡ ಅಂಗಡಿಯನ್ನೇ ಹುಡುಕಬೇಕಾಗಿಲ್ಲ. ಹೊರಕವಚ, ರಾಟೆ, ಸುರುಳಿ ಸ್ಪ್ರಿಂಗ್, ಹಗ್ಗ, ಹಿಡಿ ಎಲ್ಲವೂ ಸೇರಿದ ಸಿದ್ಧ ಜೋಡಣೆ 500 ರೂಪಾಯಿಯೊಳಗೆ ದೊರೆಯುತ್ತದೆ. ನಮ್ಮ ಅಡಿಕೆ ತೋಟದ 58 ಸಿಸಿ ಯಂತ್ರಕ್ಕೆ ಅಂಥದ್ದೊಂದನ್ನು ಆನ್‌ಲೈನ್‌ನಲ್ಲಿ ತರಿಸಿ, ಒಂದು ಮಳೆಗಾಲ ಪೂರ್ತಿ ದುಡಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಚೈನ್‌ಸಾಗೆ ಹೆಚ್ಚು ಕೆಲಸ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದಾರಿಗೂ ವಿದ್ಯುತ್ ತಂತಿಗೂ ಮರಗಳು ಉರುಳುವ ಹೊತ್ತಿನಲ್ಲಿ. ಆಗ ಎಳೆದ ಹಗ್ಗ ಒಳಗೆ ಹೋಗದೆ ಜೋತುಬಿದ್ದರೆ ಉಳಿದ ಯಂತ್ರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಕೊಳ್ಳುವ ಮೊದಲು ಪೂರ್ಣ ಜೋಡಣೆ ನಿಜವಾಗಿಯೂ ಬೇಕೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಹಗ್ಗವೇ ತುಂಡಾಗಿದ್ದರೆ ಹಗ್ಗವೊಂದನ್ನು ಬದಲಿಸಿದರೆ ಸಾಕು. ಹಗ್ಗ ಸಲೀಸಾಗಿ ಹೊರಬಂದು ಎಂಜಿನ್ ತಿರುಗದಿದ್ದರೆ, ದೋಷ ಬಹುತೇಕ ಫ್ಲೈವ್ಹೀಲ್‌ನ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಮೇಲಿದ್ದು ರಾಟೆಯ ಹಲ್ಲುಗಳನ್ನು ಹಿಡಿಯುವ ಕೊಕ್ಕೆಗಳಲ್ಲೋ ಅವುಗಳ ಸಣ್ಣ ಸ್ಪ್ರಿಂಗುಗಳಲ್ಲೋ ಇರುತ್ತದೆ. ಆ ಕೊಕ್ಕೆಗಳು ಈ ಜೋಡಣೆಯ ಜೊತೆ ಸಾಮಾನ್ಯವಾಗಿ ಬರುವುದಿಲ್ಲವಾದ್ದರಿಂದ ಇದನ್ನು ಕೊಂಡು ಪ್ರಯೋಜನವಿಲ್ಲ. ಹಗ್ಗ ಅಲುಗಾಡುವುದೇ ಇಲ್ಲ ಎಂದಾದರೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಸ್ಟಾರ್ಟರನ್ನು ಕಳಚಿ, ಫ್ಲೈವ್ಹೀಲ್ ಕೈಯಿಂದ ತಿರುಗುತ್ತದೆಯೇ ಎಂದು ನೋಡಬೇಕು. ತಿರುಗದಿದ್ದರೆ ಎಂಜಿನ್ ಹಿಡಿದುಕೊಂಡಿದೆ ಎಂದರ್ಥ, ಅದು ಬೇರೆಯೇ ಖರ್ಚಿನ ಮಾತು. ಹಗ್ಗ ಹೊರಬಂದು ಮರಳಿ ಸುತ್ತಿಕೊಳ್ಳದಿದ್ದಾಗ ಸುರುಳಿ ಸ್ಪ್ರಿಂಗ್ ಮುರಿದಿರುವ ಅಥವಾ ರಾಟೆಯಿಂದ ಕಳಚಿಕೊಂಡಿರುವ ಸಂಭವವೇ ಹೆಚ್ಚು. ನಮ್ಮದರಲ್ಲಿ ಸ್ಪ್ರಿಂಗಿನ ಒಳತುದಿಯ ಬಾಗು ಮುರಿದಿತ್ತು. ರಾಟೆಯ ಹಲ್ಲುಗಳೂ ಸವೆದಿದ್ದವು. ಇಂಥ ಸಂದರ್ಭದಲ್ಲಿ ಮಾತ್ರ ಪೂರ್ಣ ಜೋಡಣೆ ಕೊಳ್ಳುವುದು ಲಾಭದಾಯಕ.

ಗಾತ್ರ ಒಂದೇ ಆಗಿದ್ದರೂ ಎರಡು ಬಗೆಯ ಸ್ಟಾರ್ಟರ್‌ಗಳು ಇವೆ ಎಂಬುದನ್ನು ಮಾರುವವರು ಸ್ಪಷ್ಟವಾಗಿ ಹೇಳುವುದಿಲ್ಲ. ಒಂದು ಸಾಮಾನ್ಯ ಬಗೆ. ಇನ್ನೊಂದು ‘ಈಸಿ ಸ್ಟಾರ್ಟ್’ ಬಗೆ. ಇದರಲ್ಲಿ ರಾಟೆಗೂ ಎಂಜಿನ್ನಿಗೂ ನಡುವೆ ಮತ್ತೊಂದು ಸ್ಪ್ರಿಂಗ್ ಇದ್ದು, ನಾವು ನಿಧಾನವಾಗಿ ಎಳೆದ ಬಲವನ್ನು ಅದು ಕೂಡಿಟ್ಟುಕೊಂಡು ಒಮ್ಮೆಲೇ ಎಂಜಿನ್ನಿಗೆ ಕೊಡುತ್ತದೆ. ಭುಜದ ನೋವಿರುವವರಿಗೆ ಎರಡನೆಯದೇ ಹಿತ. ಆದರೆ ಎರಡರ ರಾಟೆಯ ಹಲ್ಲುಗಳ ಆಕಾರ ಬೇರೆಯಾದ್ದರಿಂದ, ಕವಚ ತಿರುಪಿನ ತೂತುಗಳಿಗೆ ಸರಿಯಾಗಿ ಕೂತರೂ ಕೊಕ್ಕೆಗಳು ಹಿಡಿಯದೆ ಹೋಗಬಹುದು. ಹಳೆಯದನ್ನು ಬಿಚ್ಚಿ ಅದರ ಒಳಮುಖವನ್ನು ಚಿತ್ರದೊಂದಿಗೆ ಹೋಲಿಸಿ ನೋಡಿದ ಬಳಿಕವೇ ಹಣ ಕಟ್ಟುವುದು ಕ್ಷೇಮ.

ಬಂದ ವಸ್ತುವಿನ ಗುಣಮಟ್ಟ ಒಂದೇ ಸಮನಾಗಿಲ್ಲ. ಕವಚದ ಪ್ಲಾಸ್ಟಿಕ್ ಹಳೆಯದಕ್ಕಿಂತ ತುಸು ತೆಳು, ಆದರೂ ನಾಲ್ಕು ತಿರುಪುಗಳೂ ಸರಿಯಾಗಿ ಕೂತವು. ರಾಟೆಯ ಅಂಚು ನಯವಾಗಿದೆ, ಹಲ್ಲುಗಳು ಗಟ್ಟಿಯಾಗಿವೆ. ಸ್ಪ್ರಿಂಗ್‌ಗೆ ಗ್ರೀಸ್ ಹೆಸರಿಗೆ ಮಾತ್ರ ಸವರಿದ್ದರು. ನಮ್ಮ ಕಡೆಯ ಥಂಡಿಗೆ ಅಷ್ಟು ಸಾಲದೆಂದು ತೆಳುವಾಗಿ ಇನ್ನಷ್ಟು ಹಚ್ಚಿದೆ. ಅದನ್ನು ಅತಿಯಾಗಿ ಹಚ್ಚಿದರೆ ಮರದ ಪುಡಿ ಅಂಟಿ ಸ್ಪ್ರಿಂಗ್ ಜಡವಾಗುತ್ತದೆ. ಹಗ್ಗ ಮಾತ್ರ ತೀರಾ ಕಳಪೆ. ಸಡಿಲ ಹೆಣಿಗೆಯ ಆ ಹಗ್ಗ ಮೊದಲ ವಾರದಲ್ಲೇ ಕವಚದ ಬಾಯಿಗೆ ಉಜ್ಜುವ ಕಡೆ ನಾರು ಬಿಡತೊಡಗಿತು. ಹಿಡಿಯೂ ಟೊಳ್ಳು ಪ್ಲಾಸ್ಟಿಕ್ಕಿನದು. ಹಳೆಯ ಹಿಡಿಯನ್ನು ಎಸೆಯದಿದ್ದವರು ಅದನ್ನೇ ಹಾಕಿಕೊಳ್ಳಲಿ.

ಆದ್ದರಿಂದ ಹೊಸ ಜೋಡಣೆಯನ್ನು ಕೂರಿಸುವ ಮೊದಲೇ ಹಗ್ಗ ಬದಲಿಸುವುದು ಒಳ್ಳೆಯದು. ಕಳೆ ಕೊಚ್ಚುವ ಯಂತ್ರಗಳ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಒತ್ತು ಹೆಣಿಗೆಯ ನೈಲಾನ್ ಹಗ್ಗ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನಾನು ಹಾಕಿದ್ದು 3.5 ಮಿಲಿಮೀಟರ್ ದಪ್ಪದ್ದು. ಗಟ್ಟಿ ಇರಲೆಂದು ಇನ್ನೂ ದಪ್ಪದ್ದನ್ನು ಹಾಕಿದರೆ ಅದು ರಾಟೆಯ ಕೊರಕಲಿನಲ್ಲಿ ಹಿಡಿಸದೆ ಸಿಕ್ಕಿಕೊಳ್ಳುತ್ತದೆ. ಉದ್ದವನ್ನು ಹಳೆಯ ಹಗ್ಗದ ಅಳತೆಗೇ ಕತ್ತರಿಸಿ, ಎರಡು ತುದಿಗಳನ್ನೂ ಬೆಂಕಿಗೆ ಹಿಡಿದು ಕರಗಿಸಿಕೊಂಡರೆ ಗಂಟು ಬಿಚ್ಚದು. ರಾಟೆಯನ್ನು ಮೇಲೆತ್ತಬೇಕಾಗಿ ಬಂದರೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲೇಬೇಕು. ಅದರಡಿ ಸುತ್ತಿಟ್ಟ ಸ್ಪ್ರಿಂಗಿನ ಉಕ್ಕಿನ ಪಟ್ಟಿ ಕೆರಳಿದ ನಾಗರದಂತೆ ಒಮ್ಮೆಲೇ ಮೇಲೇಳುತ್ತದೆ, ಅದರ ಅಂಚು ಹರಿತ.

ಬಹಳ ಮಂದಿ ತಪ್ಪುವುದು ಸ್ಪ್ರಿಂಗಿನ ಬಿಗಿಯಲ್ಲಿ. ಹಗ್ಗವನ್ನು ರಾಟೆಗೆ ಸುತ್ತಿ, ಅಂಚಿನ ಕಚ್ಚಿನಲ್ಲಿ ಒಂದು ಕುಣಿಕೆ ಉಳಿಸಿಕೊಂಡು, ಆ ಕುಣಿಕೆಯಿಂದಲೇ ರಾಟೆಯನ್ನು ಸ್ಪ್ರಿಂಗ್ ಬಿಗಿಯುವ ದಿಕ್ಕಿಗೆ ಮೂರು ನಾಲ್ಕು ಸುತ್ತು ತಿರುಗಿಸಿ, ಮತ್ತೆ ನಿಧಾನವಾಗಿ ಹಗ್ಗ ಒಳಸೇರಲು ಬಿಡಬೇಕು. ಹಿಡಿ ಕವಚದ ಬಾಯಿಗೆ ನೇರವಾಗಿ ಕಚ್ಚಿಕೊಂಡು ಕೂರಬೇಕು. ಪಕ್ಕಕ್ಕೆ ವಾಲಿದರೆ ಬಿಗಿ ಸಾಲದು. ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯವಾದದ್ದು: ಹಗ್ಗವನ್ನು ಪೂರ್ತಿ ಹೊರಗೆಳೆದು ಹಿಡಿದಾಗಲೂ ರಾಟೆ ಇನ್ನೂ ಅರ್ಧ ಸುತ್ತಾದರೂ ಮುಂದಕ್ಕೆ ತಿರುಗಬೇಕು. ತಿರುಗದಿದ್ದರೆ ಬಿಗಿ ಹೆಚ್ಚಾಗಿದೆ, ಒಂದು ಸುತ್ತು ಕಡಿಮೆ ಮಾಡಬೇಕು. ಇಲ್ಲವಾದರೆ ಪ್ರತಿ ಎಳೆತದ ಕೊನೆಯಲ್ಲೂ ಹೊಡೆತ ಸ್ಪ್ರಿಂಗಿನ ಬಾಗಿಗೇ ಬಿದ್ದು, ಹಳೆಯದು ಮುರಿದ ಜಾಗದಲ್ಲೇ ಹೊಸದೂ ಮುರಿಯುತ್ತದೆ. ನಾನು ತರಿಸಿದ ಜೋಡಣೆಯನ್ನು ಕಾರ್ಖಾನೆಯಲ್ಲಿ ಬಿಗಿದಿದ್ದ ಸ್ಥಿತಿಯಲ್ಲೇ ಈ ಪರೀಕ್ಷೆಗೆ ಒಡ್ಡಿದಾಗ ಅದು ಪಾಸಾಗಲಿಲ್ಲ. ಅಗ್ಗದ ಸ್ಟಾರ್ಟರ್‌ಗಳು ಬೇಗ ಹೋಗುತ್ತವೆಂಬ ದೂರಿಗೆ ಸ್ಪ್ರಿಂಗಿನ ಉಕ್ಕಿಗಿಂತ ಈ ಅತಿಬಿಗಿಯೇ ಹೆಚ್ಚು ಕಾರಣವಿರಬೇಕೆಂದು ನನ್ನ ಅನಿಸಿಕೆ. ಕವಚವನ್ನು ಮರಳಿ ಕೂರಿಸುವಾಗ ಹಗ್ಗವನ್ನು ಮೆಲ್ಲಗೆ ಸ್ವಲ್ಪ ಎಳೆದು, ಕೊಕ್ಕೆಗಳು ಹಲ್ಲಿಗೆ ಸೇರಿದ ಮೇಲೆಯೇ ತಿರುಪು ಬಿಗಿಯಬೇಕು.

ಹೀಗೆ ಸರಿಪಡಿಸಿಕೊಂಡ ಸ್ಟಾರ್ಟರ್ ಮಳೆಗಾಲವಿಡೀ ಒಮ್ಮೆಯೂ ಕೈಕೊಡಲಿಲ್ಲ. ಬಳಸುವ ಕ್ರಮವೂ ಅದರ ಆಯುಷ್ಯವನ್ನು ನಿರ್ಧರಿಸುತ್ತದೆ: ಮೊದಲು ತಡೆ ಸಿಗುವವರೆಗೆ ಮೆಲ್ಲಗೆ ಎಳೆದು, ಆ ಬಳಿಕ ನೇರವಾಗಿ, ಚುರುಕಾಗಿ ಎಳೆಯಬೇಕು, ಹಗ್ಗದ ಕೊನೆಯವರೆಗೆ ಜಗ್ಗಬಾರದು, ಹಿಡಿಯನ್ನು ಕೈಬಿಡದೆ ಒಳಗೆ ಕಳಿಸಬೇಕು. ಚೋಕ್ (ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಕವಾಟ) ಹಾಕಿದಲ್ಲೇ ಬಿಟ್ಟು ಎಂಜಿನ್ನಿನೊಳಗೆ ಅತಿಯಾಗಿ ಪೆಟ್ರೋಲ್ ತುಂಬಿಸಿಕೊಂಡು ಮತ್ತೆ ಮತ್ತೆ ಜಗ್ಗುವುದರಿಂದ ಸ್ಟಾರ್ಟರ್ ಸವೆಯುವುದಲ್ಲದೆ ಬೇರೇನೂ ಆಗುವುದಿಲ್ಲ.

ಸ್ಟಿಲ್, ಹಸ್ಕ್‌ವರ್ನಾದಂಥ ಕಂಪನಿಗಳ ಯಂತ್ರ ಇರುವವರಿಗೆ ಈ ಜೋಡಣೆ ಹೊಂದುವುದಿಲ್ಲ. ಅವುಗಳಿಗೆ ಹಗ್ಗ, ಸ್ಪ್ರಿಂಗ್, ರಾಟೆ ಬಿಡಿಬಿಡಿಯಾಗಿಯೇ ಅಧಿಕೃತ ಮಾರಾಟಗಾರರಲ್ಲಿ ದೊರೆಯುತ್ತವೆ. 52, 58 ಸಿಸಿಯವರು ಇದನ್ನು ಧಾರಾಳವಾಗಿ ಕೊಳ್ಳಬಹುದು, ಒಳ್ಳೆಯ ಹಗ್ಗ ಎರಡು ಮೀಟರ್ ಜೊತೆಗಿರಲಿ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕಳೆದ ಎರಡರಲ್ಲಿ ಒಂದು ಹಗ್ಗಕ್ಕೆ, ಇನ್ನೊಂದು ಯಾವ ಬಗೆಯ ಸ್ಟಾರ್ಟರ್ ಎಂದು ಪೆಟ್ಟಿಗೆಯ ಮೇಲೆ ನಮೂದಿಸದೆ ಇದ್ದುದಕ್ಕೆ.